ಸೈರನ್ನಿನ ಶ್ರುತಿ

ಚೌರಪ್ಪ ಶ್ರುತಿ ಹಿಡಿಯುತ್ತಿದ್ದುದು
ಪೆಟ್ಟಿಗೆಯಿಂದಲ್ಲ, ತಂಬೂರಿಯಿಂದಲ್ಲ,
ಭದ್ರಾವತಿಯ ಕಾರ್ಖಾನೆಯಲ್ಲಿ
ಎರಡನೇ ಪಾಳಿಗೆ ಕೂಗುವ ಸೈರನ್ನಿನಿಂದ.
ಅದು ಕೂಗಿತೆಂದರೆ ಕ್ಲಬ್ಬಿನ ಹಿಂದಿನ ಜಗಲಿಯಲ್ಲಿ
ಮೂವರೂ ಕಣ್ಣು ಮುಚ್ಚಿ ನಿಲ್ಲುವರು:
ಸ್ಯಾಕ್ಸೊಫೋನಿನ ಚೌರಪ್ಪ,
ಕುಲುಮೆಯ ಮುಂದೆ ಹುಬ್ಬು ಸುಟ್ಟುಕೊಂಡ
ಟ್ರಂಪೆಟ್ಟಿನ ದೊರೈಕಣ್ಣು,
ಡ್ರಮ್ಮಿನ ಬುಡೇನ್ ಸಾಬ್.
ಡ್ರಮ್ಮಿಗೆಂಥ ಶ್ರುತಿ?
ಬುಡೇನ್ ಸಾಬ್ ಕಣ್ಣು ಮುಚ್ಚುತ್ತಿದ್ದುದು ಮರ್ಯಾದೆಗೆ.

ಇದೆಲ್ಲ ನಾನು ಕಂಡದ್ದಲ್ಲ, ಕೇಳಿದ್ದು.
ನಾನು ಅವರ ಜೊತೆ ಸೇರುವ ಹೊತ್ತಿಗೆ
ಕ್ಲಬ್ಬಿನ ಶನಿವಾರಗಳು ಮುಗಿದಿದ್ದವು,
ಪಿಯಾನೋದೊಳಗೆ ಗೆದ್ದಲು ಸಂಸಾರ ಹೂಡಿತ್ತು,
ಚೌರಪ್ಪ ಶಿವಮೊಗ್ಗಕ್ಕೆ ಬಂದು
ಮದುವೆ ಬ್ಯಾಂಡಿನ ಕೆಂಪು ಕೋಟು ತೊಟ್ಟಿದ್ದ;
ಎರಡು ಗುಂಡಿ, ಉಳಿದದ್ದು ಪಿನ್ನು.
ನಾನು ಹನ್ನೊಂದರ ಹುಡುಗ.
ತಲೆಯ ಮೇಲೆ ಟ್ಯೂಬ್‌ಲೈಟಿನ ಚೌಕಟ್ಟು,
ರಾತ್ರಿಗೆ ಎಂಟು ರೂಪಾಯಿ, ಸಿಕ್ಕರೆ ಪಾಯಸ.

'ಕ್ಲಬ್ಬಲ್ಲಿ ಏನ್ ಬಾರಿಸ್ತಿದ್ರಿ ಮಾಮ?' ಅಂದೆ.
'ಜಾಜ್' ಅಂದ.
ನನಗೆ ಜಾಜಿ ಎಂದು ಕೇಳಿಸಿತು.
ತಿದ್ದಲಿಲ್ಲ. ತುಟಿ ಒರೆಸಿಕೊಂಡು
'ಹ್ಞಾಂ, ಅದೇ. ರಾತ್ರಿ ಅರಳೋದು' ಅಂದ.

ದೇಶಕ್ಕೆ ಮರಳುವ ಮುಂಚೆ ಬಿಳಿ ಇಂಜಿನಿಯರೊಬ್ಬ
ಕೊಟ್ಟುಹೋದ ಏಳು ರೆಕಾರ್ಡುಗಳೇ ಅವನಿಗೆ ಗುರು.
ಆರನೆಯದರಲ್ಲಿ ಒಂದು ಗೀರು.
ಮುಳ್ಳು ಅಲ್ಲಿ ಸಿಕ್ಕಿಕೊಂಡು
ಒಂದೇ ತುಣುಕು ಮೂರು ಸಲ ಬಂದು
ಆಮೇಲೆ ಮುಂದಕ್ಕೆ ಜಾರುತ್ತಿತ್ತು.
ಹಾಡೇ ಹಾಗೆಂದುಕೊಂಡು ಚೌರಪ್ಪ
ಆರು ವರ್ಷ ಮೂರು ಮೂರು ಸಲ ಊದಿದ.
ಗೀರೆಂದು ಗೊತ್ತಾದ ಮೇಲೂ ಬಿಡಲಿಲ್ಲ.
'ಕಲಿಸಿದವರ ಉಗ್ಗು ಕಣೋ. ಅದೂ ಪಾಠದಲ್ಲೇ ಬರುತ್ತೆ.'

ದುರ್ಗಿಗುಡಿಯ ತಿರುವು. ಆ ರಾತ್ರಿ
ಮದುಮಗ ಜೀಪಿನಲ್ಲಿ ತೂಕಡಿಸುತ್ತಿದ್ದ.
ಕುಣಿಯುವ ಹುಡುಗರಿಗೆ ಬೇಕಾದ್ದು ಒಂದೇ, ಹಾವಿನ ಹಾಡು.
ಒಂಬತ್ತನೇ ಸಲ ಎತ್ತಿಕೊಂಡಾಗ
ಕೈಗಾಡಿಯ ಜನರೇಟರು ಕೆಮ್ಮಿ ನಿಂತಿತು.
ಕತ್ತಲು.
ನನ್ನ ತಲೆಯ ಮೇಲೆ ಬರೀ ಗಾಜು.
ಹಾವಾಗಿದ್ದವರು ನೆಲದಿಂದೆದ್ದು
ಚಪ್ಪಲಿ ತಡಕತೊಡಗಿದರು.
ಆಗ ಚೌರಪ್ಪ
ಹಾವಿನ ಹಾಡಿನ ಬಾಲ ಹಿಡಿದೇ
ಬೇರೆಲ್ಲಿಗೋ ನಡೆದುಬಿಟ್ಟ.
ಮನೆಯ ದಾರಿ ಗೊತ್ತಿದ್ದೂ
ಮೂರು ಬೀದಿ ಬಳಸಿ ಬರುವವನ ಹಾಗೆ,
ಒಂದು ಸ್ವರದ ಕದ ತಟ್ಟಿ,
ತೆರೆಯುವ ಮುಂಚೆ ಪಕ್ಕದ ಮನೆಗೆ ಹೋಗಿ.
ಬುಡೇನ್ ಸಾಬ್ ಕೋಲು ಕಂಕುಳಿಗಿಟ್ಟು
ಬೆರಳಲ್ಲಿ ಚರ್ಮ ಸವರಿದ,
ಅಕ್ಕಿ ಕೇರುವ ಸದ್ದು.
ದೊರೈಕಣ್ಣು ಟ್ರಂಪೆಟ್ಟು ಎತ್ತಿ ಹಿಡಿದು
ತನ್ನ ಸರದಿಗೆ ಎಣಿಸುತ್ತಲೇ ಇದ್ದ, ಊದಲಿಲ್ಲ.
ಆ ಗೀರೂ ಬಂತು:
ಒಮ್ಮೆ, ಮತ್ತೊಮ್ಮೆ, ಮಗದೊಮ್ಮೆ.
ಮೇಲೆಲ್ಲೋ ಒಂದು ಕಿಟಕಿಯ ಚಿಲಕ ತೆರೆಯಿತು.

ನಾಲ್ಕು ನಿಮಿಷ ಇರಬಹುದು. ಬೆಳಕು ಬಂತು.
ಬೀಗರ ಕಡೆಯವರೊಬ್ಬರು ಗದರಿದರು,
'ಏಯ್, ಏನೇನೋ ಊದ್ತಿದೀಯ, ಹಾವು ಬಾರ್ಸು!'
ಬಾರಿಸಿದ.

ಕಾರ್ಖಾನೆಯ ಸೈರನ್ನೂ ಒಂದು ದಿನ ಬಾಯಿ ಮುಚ್ಚಿತು.
ಬ್ಯಾಂಡಿನ ಹೊಸ ಹುಡುಗ ಫೋನಿನಲ್ಲಿ ಶ್ರುತಿ ಅಳೆದು
'ಕೂದಲೆಳೆಯಷ್ಟು ಇಳಿದಿದೆ ತಾತ' ಅಂದ.
ಚೌರಪ್ಪ ಫೋನು ಇಸಿದುಕೊಂಡು
ತಿರುಗಿಸಿ ಮುರುಗಿಸಿ ನೋಡಿ ಕೇಳಿದ,
'ಇದು ಯಾವ ಪಾಳಿಗೆ ಹೋಗುತ್ತಪ್ಪ?'

ಈಗ ನನ್ನದೇ ದೀಪದ ಅಂಗಡಿ, ಬಿ.ಎಚ್. ರಸ್ತೆಯಲ್ಲಿ.
ಎಲ್ಲ ಎಲ್‌ಇಡಿ. ಒತ್ತಿದರೆ ಹತ್ತುತ್ತವೆ, ಮಾತಿಲ್ಲ ಕತೆಯಿಲ್ಲ.
ಗೋದಾಮಿನಲ್ಲಿ ಮಾತ್ರ ಒಂದು ಹಳೇ ಟ್ಯೂಬ್‌ಲೈಟು:
ಮಿಣುಕಿ, ಮಿಣುಕಿ, ಇನ್ನೊಮ್ಮೆ ಮಿಣುಕಿ
ಆಮೇಲೆ ಹತ್ತುತ್ತದೆ.
ಸ್ಟಾರ್ಟರ್ ಬದಲಿಸೋಣ ಅನ್ನುತ್ತಾನೆ ಕೆಲಸದ ಹುಡುಗ.
ಇರಲಿ ಬಿಡೋ ಅನ್ನುತ್ತೇನೆ.